ಅಪ್ಪ ಅಮ್ಮನ ಜಿಮ್‌ಗೆ ಫೀಸ್ ಕಟ್ಟಿದರೆ ಸಾಲದು, ಜೊತೆಗಾರರು ಬೇಕು

ನಿಮ್ಮ ಏರಿಯಾದ ಯಾವುದಾದರೂ ಜಿಮ್‌ಗೆ ಬೆಳಗ್ಗೆ ಹತ್ತೂವರೆಗೆ ಹೋಗಿ ನೋಡಿ. ಹೆಚ್ಚುಕಮ್ಮಿ ಖಾಲಿ ಇರುತ್ತೆ. ಆಫೀಸಿಗೆ ಹೋಗುವವರು ಒಂಬತ್ತರೊಳಗೆ ಮುಗಿಸಿ ಓಡಿರುತ್ತಾರೆ, ಮತ್ತೆ ಜನ ಸೇರುವುದು ಸಂಜೆ ಆರರ ಮೇಲೆ. ಅದೇ ಹತ್ತೂವರೆಗೆ ಅದೇ ರಸ್ತೆಯ ಮನೆಗಳಲ್ಲಿ ಎಷ್ಟೋ ಜನ ಹಿರಿಯರು ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ, ತಿಂಡಿ ತಿಂದು, ಪೇಪರ್ ಓದಿ, ಇನ್ನು ಊಟದ ತನಕ ಏನು ಮಾಡೋದು ಅಂತ ಟಿವಿ ಹಾಕಿಕೊಂಡು ಕೂತಿರುತ್ತಾರೆ. ಆ ಖಾಲಿ ಜಾಗಕ್ಕೆ ಈ ಜನರನ್ನು ಕರೆತರಬೇಕು, ಅದೂ ಒಬ್ಬೊಬ್ಬರನ್ನಾಗಿ ಅಲ್ಲ, ಗುಂಪಾಗಿ. ಇವತ್ತು ಬರೆಯುತ್ತಿರುವುದು ಇದರ ಬಗ್ಗೆ.

ನಾನಿರುವುದು ಬನಶಂಕರಿ ಎರಡನೇ ಸ್ಟೇಜ್‌ನಲ್ಲಿ. ಮನೆ ಹತ್ತಿರದ ಒಂದು ಸಣ್ಣ ಜಿಮ್‌ನಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಅರವತ್ತು ದಾಟಿದವರಿಗೆ ಅಂತಲೇ ಒಂದು ಬ್ಯಾಚ್ ನಡೆಯುತ್ತೆ. ನಾನು ಟ್ರೈನರ್ ಅಲ್ಲ, ಡಾಕ್ಟರೂ ಅಲ್ಲ. ಅಮ್ಮನನ್ನು ಕರೆದುಕೊಂಡು ಹೋಗುತ್ತಾ ಹೋಗುತ್ತಾ ಬ್ಯಾಚ್‌ನ ಕೆಲಸ ನನ್ನ ಪಾಲಿಗೆ ಬಂತು. ಹೊಸಬರ ಮನೆಯವರ ಹತ್ತಿರ ಮಾತಾಡೋದು, ಟ್ರೈನರ್‌ಗೆ ಯಾರ ಮಂಡಿ ಹೇಗಿದೆ ಅಂತ ಹೇಳೋದು, ಜಿಮ್ ಓನರ್‌ನ ಸಮಾಧಾನ ಮಾಡೋದು, ಇಂಥವು. ಈ ಕೆಲಸ ನನಗೆ ತುಂಬಾ ಇಷ್ಟ. ಪ್ರತಿ ಏರಿಯಾದಲ್ಲೂ ಇಂಥ ಒಂದು ಬ್ಯಾಚ್ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಮೊದಲು ಎಲ್ಲರೂ ಹೇಳುವ ಮಾತು: "ನಮ್ಮಪ್ಪ ದಿನಾ ವಾಕಿಂಗ್ ಹೋಗ್ತಾರೆ, ಸಾಕಲ್ವಾ?" ವಾಕಿಂಗ್ ಒಳ್ಳೆಯದೇ. ಲಾಲ್‌ಬಾಗ್‌ನಲ್ಲಿ, ಬಸವನಗುಡಿಯ ಕೃಷ್ಣರಾವ್ ಪಾರ್ಕ್‌ನಲ್ಲಿ, ಸ್ಯಾಂಕಿ ಕೆರೆ ದಡದಲ್ಲಿ ಬೆಳಗಿನ ಹೊತ್ತು ಎಷ್ಟು ಜನ ಹಿರಿಯರು ಓಡಾಡುತ್ತಾರೆ ನೋಡಿ, ಖುಷಿಯಾಗುತ್ತೆ. ಆದರೆ ತಗ್ಗಾದ ಸೋಫಾದಿಂದ ಏಳೋದಕ್ಕೆ, ಬಿಎಂಟಿಸಿ ಬಸ್‌ನ ಮೊದಲ ಮೆಟ್ಟಿಲು ಹತ್ತೋದಕ್ಕೆ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಗೇಟ್ ತೆಗೆಯೋದಕ್ಕೆ ಬೇಕಾದ ಶಕ್ತಿ ಬರೀ ನಡೆಯೋದರಿಂದ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವಷ್ಟು ಓಡಾಡಬೇಕು. ಅದರ ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ ಬೇಕು, ಮೂರು ದಿನ ಬ್ಯಾಲೆನ್ಸ್ ಸುಧಾರಿಸುವಂಥದ್ದು ಬೇಕು. ವಾಕಿಂಗ್ ಇದರಲ್ಲಿ ಮೊದಲನೆಯದನ್ನು ಮಾತ್ರ ಮುಗಿಸುತ್ತೆ. ಉಳಿದ ಎರಡನ್ನು ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ.

ಮೂವತ್ತು ದಾಟಿದ ಮೇಲೆ ಮಾಂಸಖಂಡ ನಿಧಾನಕ್ಕೆ ಕರಗಲು ಶುರುವಾಗುತ್ತೆ, ಅರವತ್ತರ ನಂತರ ಜಾಸ್ತಿ ವೇಗವಾಗಿ. ತೂಕದ ಯಂತ್ರದಲ್ಲಿ ಇದು ಗೊತ್ತಾಗಲ್ಲ, ಯಾಕೆಂದರೆ ಆ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತೆ. ಶುಗರ್ ಇರುವವರು ಇದನ್ನು ಇನ್ನೂ ಗಮನಿಸಬೇಕು. ಊಟ ಆದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಅದೇ ಕಮ್ಮಿಯಾದರೆ ಮಾತ್ರೆ ಒಂದೇ ಎಷ್ಟು ಅಂತ ಮಾಡೀತು?

"ಈ ವಯಸ್ಸಲ್ಲಿ ವೇಟ್ ಎತ್ತಿಸ್ತೀರಾ?" ಅಂತ ಮಕ್ಕಳು ಗಾಬರಿಯಿಂದ ಕೇಳುತ್ತಾರೆ. ಅವರಿಗೆ ನಾನು ಅಮೆರಿಕದ ಬೋಸ್ಟನ್‌ನಲ್ಲಿ ನಡೆದ ಒಂದು ಅಧ್ಯಯನ ಹೇಳುತ್ತೇನೆ. 1990ರಲ್ಲಿ ಪ್ರಕಟವಾದದ್ದು. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದರು, ಸುಮ್ನೆ ಹಗುರವಾದದ್ದಲ್ಲ, ಅವರವರ ಶಕ್ತಿಗೆ ಭಾರವಾದದ್ದೇ. ಪೂರ್ತಿ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಹೆಚ್ಚಾಯಿತು. ತೊಂಬತ್ತರಲ್ಲಿ ಆಗುವುದಾದರೆ ಎಪ್ಪತ್ತರಲ್ಲಿ ಯಾಕಾಗಲ್ಲ? ಇನ್ನು ಬೀಳುವ ವಿಷಯ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2019ರ ಒಂದು ದೊಡ್ಡ ವಿಮರ್ಶೆಯಲ್ಲಿ, ವ್ಯಾಯಾಮ ಮಾಡುವ ಹಿರಿಯರು ಬೀಳುವುದು 23 ಪರ್ಸೆಂಟ್ ಕಮ್ಮಿ ಅಂತ ಕಂಡುಬಂತು. ಬಾತ್‌ರೂಮಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಯಾರ ಮನೆಯಲ್ಲಿ ಇಲ್ಲ ಹೇಳಿ. ಆಮೇಲೆ ಆ ಮನೆಯ ದಿನಚರಿಯೇ ಬದಲಾಗಿ ಹೋಗುತ್ತೆ.

ಪಾರ್ಕ್‌ಗಳಲ್ಲಿ ಓಪನ್ ಜಿಮ್ ಇದೆಯಲ್ಲ ಅನ್ನುತ್ತೀರಿ. ಇದೆ, ಬಿಬಿಎಂಪಿ ಕಾಲದಲ್ಲಿ ಎಷ್ಟೋ ಪಾರ್ಕ್‌ಗಳಲ್ಲಿ ಹಾಕಿದ್ದಾರೆ, ಹಾಕಿದ್ದು ಒಳ್ಳೆಯದೇ ಆಯಿತು. ಮೈ ಸಡಿಲ ಆಗುತ್ತೆ, ನಾಲ್ಕು ಜನ ಸಿಗುತ್ತಾರೆ. ಆದರೆ ಅಲ್ಲಿನ ಬಹಳಷ್ಟು ಸಾಧನಗಳಲ್ಲಿ ಭಾರ ಹೆಚ್ಚಿಸುತ್ತಾ ಹೋಗಲು ಬರಲ್ಲ, ಹೇಳಿಕೊಡುವವರೂ ಇಲ್ಲ. ಮಳೆ ಬಂದರೆ ಆವತ್ತಿನದು ಮುಗೀತು.

ಸರಿ, ಜಿಮ್ ಅಂತ ಆಯಿತು. ಗುಂಪು ಯಾಕೆ?

ನಮ್ಮ ಜಿಮ್ ಓನರ್ ಮೊದಲು ಹೇಳಿದ್ದು, "ಬೇರೆ ಬ್ಯಾಚ್ ಯಾಕೆ ಮೇಡಂ, ಎಲ್ಲರ ಜೊತೆ ಬರಲಿ" ಅಂತ. ಕೇಳೋದಕ್ಕೆ ಚೆನ್ನಾಗೇ ಇದೆ. ಆದರೆ ಪಕ್ಕದಲ್ಲಿ ಇಪ್ಪತ್ತೈದರ ಹುಡುಗ ನೂರು ಕೆಜಿ ಎತ್ತಿ ಧಡಾರ್ ಅಂತ ಕೆಳಗೆ ಬಿಡುತ್ತಿದ್ದರೆ ಅರವತ್ತೆಂಟರ ಹೆಂಗಸು ಎರಡು ಕೆಜಿ ಡಂಬಲ್ ಹಿಡಿದು ಎಲ್ಲಿ ನಿಲ್ಲಬೇಕು? ಅವರಿಗೆ ನಾಚಿಕೆ ಆಗುತ್ತೆ, ಎರಡನೇ ವಾರ ಬರಲ್ಲ. ಕೆನಡಾದ ವ್ಯಾಂಕೂವರ್ ಕಡೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, 2018ರಲ್ಲಿ ಪ್ರಕಟವಾಯಿತು. 65 ದಾಟಿದ ಆರುನೂರಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ವ್ಯಾಯಾಮದ ಗುಂಪುಗಳಿಗೆ ಹಂಚಿ 24 ವಾರ ಹಾಜರಾತಿ ಎಣಿಸಿದರು. ತಮ್ಮದೇ ವಯಸ್ಸಿನವರ ಗುಂಪಿಗೆ ಸೇರಿದವರು, ಎಲ್ಲ ವಯಸ್ಸಿನವರೂ ಇದ್ದ ಗುಂಪಿಗೆ ಸೇರಿದವರಿಗಿಂತ ಜಾಸ್ತಿ ದಿನ ಬಂದರು. ಗಂಡಸರು ಹೆಂಗಸರು ಒಟ್ಟಿಗಿದ್ದರೂ ಅಷ್ಟೇ, ಬೇರೆ ಬೇರೆ ಇದ್ದರೂ ಅಷ್ಟೇ, ಮುಖ್ಯ ಆಗಿದ್ದು ವಯಸ್ಸು. ಕ್ಲಾಸ್ ಆದ ಮೇಲೆ ಕೂತು ಕಾಫಿ ಕುಡಿಯುವುದೂ ಅಲ್ಲಿನ ಕಾರ್ಯಕ್ರಮದಲ್ಲೇ ಇತ್ತು. ಇದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾಫಿ ವಿಷಯದಲ್ಲಿ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಬ್ಯಾಚ್ ಹೇಗೆ ನಡೆಯುತ್ತೆ ಹೇಳ್ತೀನಿ. ಹಿಡಿ ಇಲ್ಲದ ಗಟ್ಟಿ ಕುರ್ಚಿಗಳನ್ನು ಗೋಡೆಗೆ ತಾಗಿಸಿ ಸಾಲಾಗಿ ಇಟ್ಟಿರುತ್ತೆ. ಶುರು ಅಲ್ಲಿಂದಲೇ. ಕೂತುಕೊಂಡು ಕುತ್ತಿಗೆ, ಭುಜ, ಪಾದ ಎಲ್ಲ ಆಡಿಸಿ ಬಿಸಿ ಮಾಡಿಕೊಂಡ ಮೇಲೆ ಕೂತು ಏಳುವುದು. ಬಸ್ಕಿ ಹೊಡೆಯೋದೇ, ಆದರೆ ಕುರ್ಚಿ ತನಕ ಮಾತ್ರ. ಮೊದಲ ದಿನ ಎಲ್ಲರಿಗೂ ಒಂದು ಪರೀಕ್ಷೆ ಇರುತ್ತೆ: ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತೀರಿ ಅಂತ. 70ರಿಂದ 74ರ ಹೆಂಗಸರು ಹತ್ತಕ್ಕಿಂತ ಕಮ್ಮಿ, ಅದೇ ವಯಸ್ಸಿನ ಗಂಡಸರು ಹನ್ನೆರಡಕ್ಕಿಂತ ಕಮ್ಮಿ ಮಾಡಿದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಇವತ್ತೇ ಮನೆಯಲ್ಲಿ ನೀವೂ ಮಾಡಿಸಿ ನೋಡಬಹುದು, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ನಮ್ಮಲ್ಲಿ ಒಬ್ಬ ಮೇಡಂ ಇದ್ದಾರೆ, ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ಟ್ರೈನರ್ ಮದ್ದೂರು ಕಡೆಯ ಹುಡುಗ, ಪ್ರೀತಿಯಿಂದಲೇ "ಬನ್ನಿ ಅಜ್ಜಿ" ಅಂದ. "ನಿಮ್ಮಜ್ಜಿ ಊರಲ್ಲಿದಾರೆ ಅಲ್ವೇನಪ್ಪಾ? ಇಲ್ಲಿ ನಾನು ನಿನ್ನ ಸ್ಟೂಡೆಂಟು. ಅಮ್ಮ ಅನ್ನು, ಇಲ್ಲ ಮೇಡಂ ಅನ್ನು" ಅಂದರು. ಅವರು ಹೇಳಿದ್ದು ಸರಿ. ಮನೆಯಲ್ಲೂ ಅಜ್ಜಿ, ಇಲ್ಲೂ ಅಜ್ಜಿ ಅಂದರೆ ಹೇಗೆ? ಅವನಿಗೂ ತಕ್ಷಣ ಅರ್ಥ ಆಯಿತು. ಆವತ್ತಿನಿಂದ ಎಲ್ಲರೂ ಅಮ್ಮ, ಮೇಡಂ, ಸರ್.

ಆ ಮೇಡಂಗೆ ಮೊದಲು ಕೈ ಊರದೆ ಏಳೋದಕ್ಕೇ ಆಗುತ್ತಿರಲಿಲ್ಲ. ಅರ್ಧ ಎದ್ದು ಮತ್ತೆ ಕೂತುಬಿಡುತ್ತಿದ್ದರು, ಮಂಡಿ ಎರಡೂ ಒಳಗೆ ವಾಲುತ್ತಿತ್ತು. ಹುಡುಗ ಮುಂದೆ ಮಂಡಿಯೂರಿ ಕೂತು ಹೇಳಿದ: "ಅಮ್ಮ, ಪಾದ ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಕುರ್ಚಿ ತುದಿಗೆ ಬನ್ನಿ. ಈಗ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ಮೇಲೆ ಬರಲಿ. ಹಿಮ್ಮಡಿ ನೆಲಕ್ಕೆ ಒತ್ತಿ. ಏಳಿ." ಎದ್ದರು! ಸಾಲಲ್ಲಿ ಕೂತಿದ್ದವರೆಲ್ಲ "ಒಂದೂ" ಅಂತ ಕೂಗಿದರು. "ಧಪ್ ಅಂತ ಕೂರಬೇಡಿ, ಮೂರು ಎಣಿಸ್ತಾ ಮೆಲ್ಲಗೆ ಕೂರಿ." ಈ ಮೆಲ್ಲಗೆ ಕೂರುವುದರಲ್ಲೇ ಅರ್ಧ ಕೆಲಸ ಇರೋದು. ತೊಡೆ ನಡುಗುತ್ತೆ, ಅಲ್ಲೇ ಬಲ ಬರೋದು. ಮತ್ತೆ ಎದ್ದರು, "ಎರಡೂ". ಐದರ ತನಕ ಹೋಯಿತು ಆವತ್ತು. ಈಗ ಅವರು ಮೂರು ಕೆಜಿ ಡಂಬಲ್ ಎದೆಗೆ ಅವಚಿಕೊಂಡು ಹನ್ನೆರಡು ಮಾಡುತ್ತಾರೆ.

ಎಣಿಕೆಯನ್ನು ಬಾಯಿಬಿಟ್ಟು, ಗಟ್ಟಿಯಾಗಿ, ಎಲ್ಲರೂ ಒಟ್ಟಿಗೆ ಮಾಡಬೇಕು. ಕನ್ನಡದಲ್ಲಿ ಶುರುವಾಗಿ ಮಧ್ಯದಲ್ಲಿ ಒಬ್ಬರು ತೆಲುಗಿಗೆ, ಇನ್ನೊಬ್ಬರು ತಮಿಳಿಗೆ ಹೋಗುತ್ತಾರೆ, ಹತ್ತಕ್ಕೆ ಎಲ್ಲರೂ ಒಟ್ಟಿಗೆ ಮುಟ್ಟುತ್ತಾರೆ. ಇದರಿಂದ ಖುಷಿ ಅನ್ನುವುದು ಒಂದು. ಇನ್ನೊಂದು, ಭಾರ ಎತ್ತುವಾಗ ಉಸಿರು ಕಟ್ಟಿ ಹಿಡಿದರೆ ಬಿಪಿ ದಿಢೀರ್ ಅಂತ ಏರುತ್ತೆ. ಎಣಿಸುತ್ತಿರುವವರು ಉಸಿರು ಕಟ್ಟೋದಕ್ಕೆ ಆಗೋದೇ ಇಲ್ಲ.

ಆಮೇಲೆ ಲೆಗ್ ಪ್ರೆಸ್ (ಕೂತು ಕಾಲಿಂದ ಭಾರ ತಳ್ಳುವ ಯಂತ್ರ), ಕೂತು ಕೇಬಲ್ ಎಳೆಯುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಎರಡು ಕೈಯಲ್ಲಿ ಡಂಬಲ್ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುವುದು. ಬ್ಯಾಲೆನ್ಸ್‌ಗೆ ಅಡಿಗೆ ಅಡಿ ಸೇರಿಸಿ ನೇರ ಗೆರೆ ಮೇಲೆ ನಡೆಯುವುದು, ಕುರ್ಚಿ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಯಂತ್ರ ಅಂದರೆ ಹೆದರುತ್ತಾರೆ ಅಂದುಕೊಳ್ಳುತ್ತಾರೆ ಜನ. ಹಾಗೇನಿಲ್ಲ. ಕೂತು ಮಾಡುವ ಯಂತ್ರಗಳು ಹಿರಿಯರಿಗೆ ತುಂಬಾ ಹಿಡಿಸುತ್ತವೆ, ಬೀಳುವ ಭಯ ಇಲ್ಲ, ಎಷ್ಟು ಭಾರ ಅಂತ ಪ್ಲೇಟ್ ಮೇಲೆ ಬರೆದಿರುತ್ತೆ. ಹನ್ನೆರಡು ಸಲ ಸುಲಭ ಆಯಿತು ಅಂದರೆ ಒಂದು ಪ್ಲೇಟ್ ಹೆಚ್ಚಿಸಬೇಕು. ವರ್ಷಗಟ್ಟಲೆ ಅದೇ ಒಂದು ಕೆಜಿ ಎತ್ತುತ್ತಾ ಇದ್ದರೆ ಏನೂ ಬರಲ್ಲ, ಇದನ್ನು ಟ್ರೈನರ್‌ಗಳಿಗೂ ಹೇಳಬೇಕಾಗುತ್ತೆ, ವಯಸ್ಸಾದವರು ಅಂತ ಪಾಪ ಅವರೇ ಕೈ ಹಿಡಿದುಬಿಡುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ನೆಲದಿಂದ ಏಳುವ ಅಭ್ಯಾಸ. ನಮ್ಮ ಹಿರಿಯರು ನೆಲದ ಮೇಲೆ ಕೂತು ಉಂಡವರು, ಕೂತು ರಂಗೋಲಿ ಹಾಕಿದವರು. ಈಗ ಮದುವೆ ಛತ್ರದಲ್ಲೂ ಟೇಬಲ್ಲು, ಪೂಜೆಗೂ ಕುರ್ಚಿ. ಕೂರುವುದು ಬಿಟ್ಟ ಮೇಲೆ ಏಳುವುದೂ ಮರೆತುಹೋಗುತ್ತೆ. ಬಿದ್ದು ಪೆಟ್ಟಾಗದಿದ್ದರೂ ಎದ್ದೇಳಲಾಗದೆ ಗಂಟೆಗಟ್ಟಲೆ ಹಾಗೇ ಬಿದ್ದಿರುವವರು ಇದ್ದಾರೆ. ಅದಕ್ಕೇ ಮ್ಯಾಟ್ ಮೇಲೆ ಕಲಿಸುತ್ತಾರೆ: ಒಂದು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಕುರ್ಚಿ ತನಕ ಹೋಗಿ, ಸೀಟ್ ಮೇಲೆ ಕೈ ಇಟ್ಟು, ಗಟ್ಟಿ ಇರುವ ಕಾಲನ್ನು ಮುಂದೆ ಇಟ್ಟು ಏಳುವುದು. ಮಂಡಿ ಆಪರೇಷನ್ ಆದವರಿಗೆ ದಪ್ಪ ದಿಂಬು ಕೊಡಬೇಕು. ಇದನ್ನು ಒಬ್ಬರೇ ಕಲಿಯೋದಕ್ಕೆ ಯಾರಿಗೂ ಧೈರ್ಯ ಬರಲ್ಲ. ಸುತ್ತ ನಿಮ್ಮ ಥರದವರೇ ಹತ್ತು ಜನ ಹೊರಳಾಡುತ್ತಿದ್ದರೆ ಬರುತ್ತೆ.

ಹನ್ನೊಂದೂವರೆಗೆ ಮುಗಿಯುತ್ತೆ, ಆದರೆ ಯಾರೂ ಹೋಗಲ್ಲ. ಕಾಫಿ. ಮೊದಲು ಪಕ್ಕದ ದರ್ಶಿನಿಗೆ ಹೋಗುತ್ತಿದ್ದರು, ಅಲ್ಲಿ ನಿಂತೇ ಕುಡಿಯಬೇಕು, ಕೆಲವರಿಗೆ ಆಗುತ್ತಿರಲಿಲ್ಲ. ಈಗ ಸರದಿ ಪ್ರಕಾರ ಒಬ್ಬೊಬ್ಬರು ಫ್ಲಾಸ್ಕ್‌ನಲ್ಲಿ ತರುತ್ತಾರೆ, ಸ್ಟೀಲ್ ಲೋಟದಲ್ಲಿ ಬೈ ಟೂ ಮಾಡಿಕೊಂಡು ಅದೇ ಕುರ್ಚಿಗಳಲ್ಲಿ ಕೂತು ಕುಡಿಯುತ್ತಾರೆ. ಯಾವ ಡಾಕ್ಟರ್ ಚೆನ್ನಾಗಿ ನೋಡ್ತಾರೆ, ಪಿಂಚಣಿಗೆ ಜೀವನ ಪ್ರಮಾಣಪತ್ರ ಫೋನಲ್ಲೇ ಹೇಗೆ ಕೊಡೋದು, ಯಾರ ಸೊಸೆಗೆ ಹೆರಿಗೆ ಆಯ್ತು, ಇಂಥ ಮಾತು. ಜಿಮ್‌ನವರು ಇದನ್ನು ಟೈಮ್ ವೇಸ್ಟ್ ಅಂದುಕೊಳ್ಳಬಾರದು. ಈ ಅರ್ಧ ಗಂಟೆಗಾಗಿಯೇ ಬರುವವರು ಎಷ್ಟೋ ಜನ ಇದ್ದಾರೆ, ಅದಕ್ಕಾಗಿ ಬಂದು ಆ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ.

ನಮ್ಮ ಹಾಜರಿ ಪುಸ್ತಕ ಇಟ್ಟುಕೊಳ್ಳುವವರು ಎಚ್‌ಎಂಟಿಯಲ್ಲಿ ಕೆಲಸ ಮಾಡಿದ ಒಬ್ಬರು ಸರ್. ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಹೊರಗೆ ಬರೋದನ್ನೇ ಬಿಟ್ಟಿದ್ದರು, ಎದುರು ಮನೆಯವರು ಬಲವಂತ ಮಾಡಿ ಕರೆತಂದರು. ಬಂದರೂ ಮೂಲೆಯಲ್ಲಿ ಕೂತಿರುತ್ತಿದ್ದರು. ಒಂದು ದಿನ ನಾನು ಊರಿಗೆ ಹೋಗಬೇಕಿತ್ತು, ಪುಸ್ತಕ ಅವರ ಕೈಗೆ ಕೊಟ್ಟೆ. ವಾಪಸ್ ತಗೊಳ್ಳಲೇ ಇಲ್ಲ ನಾನು. ಈಗ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಸಾಲು ಸರಿ ಮಾಡುವವರು ಅವರೇ. ಯಾರಾದರೂ ಬರಲಿಲ್ಲ ಅಂದರೆ ಹನ್ನೆರಡು ಗಂಟೆಯೊಳಗೆ ಅವರ ಫೋನ್ ಹೋಗುತ್ತೆ: "ಯಾಕ್ರೀ ಬರಲಿಲ್ಲ, ಹುಷಾರಾಗಿದ್ದೀರಾ?" ಒಂದು ಸಲ ಹೀಗೆ ಫೋನ್ ಮಾಡಿದಾಗಲೇ ಒಬ್ಬರು ಜ್ವರ ಬಂದು ಒಬ್ಬರೇ ಮಲಗಿದ್ದಾರೆ ಅಂತ ಗೊತ್ತಾಗಿದ್ದು, ಮಗ ಹೈದರಾಬಾದ್‌ನಲ್ಲಿದ್ದ, ಅವನಿಗೂ ಹೇಳಿರಲಿಲ್ಲ. ಇಂಥ ಬ್ಯಾಚ್ ಶುರು ಮಾಡುವವರು ಫೋನ್ ಮಾಡುವ ಈ ಕೆಲಸ ಒಬ್ಬರಿಗೆ ವಹಿಸಲೇಬೇಕು.

ಅಡ್ಡಿಗಳೂ ಇವೆ. ಬೆಂಗಳೂರಿನ ಏರಿಯಾ ಜಿಮ್‌ಗಳು ಬಹಳಷ್ಟು ಮೇಲಿನ ಮಹಡಿಯಲ್ಲಿರುತ್ತವೆ, ಕೆಳಗೆ ಬ್ಯಾಂಕೋ ಮೆಡಿಕಲ್ ಸ್ಟೋರೋ, ಲಿಫ್ಟ್ ಇರಲ್ಲ. ನಮ್ಮದು ನೆಲಮಹಡಿ, ಅದೊಂದು ಅದೃಷ್ಟ. ಇನ್ನೊಂದು ಜಿಮ್‌ನವರು, ವಯಸ್ಸಾದವರು ಬಿದ್ದರೆ ನಮ್ಮ ಮೇಲೆ ಬರುತ್ತೆ ಅಂತ ಬಾಗಿಲಲ್ಲೇ ಹೇಳಿ ಕಳಿಸಿದರು. ಬೇಜಾರಾಯಿತು. ಮತ್ತೆ ಜಿಮ್‌ನ ಹಾಡು. ಕಿವಿ ಮಂದವಾಗಿರುವವರಿಗೆ ಆ ಸೌಂಡ್‌ನಲ್ಲಿ ಟ್ರೈನರ್ ಹೇಳಿದ್ದೇ ಕೇಳಲ್ಲ. ಕಮ್ಮಿ ಮಾಡಿ, ಇಲ್ಲ ಹಳೇ ಕನ್ನಡ ಹಾಡು ಹಾಕಿ. ಸೀರೆ ಉಟ್ಟವರಿಗೆ ಟ್ರೆಡ್‌ಮಿಲ್ ಬೇಡ, ಆದರೆ ಸೀರೆಯಲ್ಲೇ ಮಾಡುವಂಥದ್ದು ಬೇಕಾದಷ್ಟಿದೆ, ಮೊದಲ ದಿನವೇ ಟ್ರ್ಯಾಕ್ ಪ್ಯಾಂಟ್ ಹಾಕಿ ಅಂದರೆ ಎಷ್ಟೋ ಹೆಂಗಸರು ಬರೋದೇ ಇಲ್ಲ. ಆರು ತಿಂಗಳಾದ ಮೇಲೆ ಅವರೇ ಚೂಡಿದಾರ್ ಹೊಲಿಸಿಕೊಂಡು ಬರುತ್ತಾರೆ.

ಶುರು ಮಾಡುವ ಮುಂಚೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ, ಹಾರ್ಟ್ ತೊಂದರೆ, ಇತ್ತೀಚಿನ ಆಪರೇಷನ್, ತಲೆಸುತ್ತು ಇದ್ದವರಂತೂ ಕೇಳಲೇಬೇಕು. ಮೂಳೆ ಟೊಳ್ಳಾಗಿರುವವರು (ಆಸ್ಟಿಯೊಪೊರೋಸಿಸ್ ಇರುವವರು) ಸೊಂಟದಿಂದ ಪೂರ್ತಿ ಬಾಗಿ ತಿರುಗುವಂಥದ್ದು ಮಾಡಬಾರದು. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಕೆಲವು ಮಾತ್ರೆ ತಗೊಳ್ಳುವವರು ತಿಂಡಿ ತಿನ್ನದೆ ಬರಬಾರದು, ಜೇಬಲ್ಲಿ ಒಂದೆರಡು ಗ್ಲೂಕೋಸ್ ಬಿಸ್ಕೆಟ್ ಆದರೂ ಇರಲಿ. ಬಿಪಿಗೆ, ಹಾರ್ಟ್‌ಗೆ ಕೊಡುವ ಕೆಲವು ಮಾತ್ರೆಗಳು ನಾಡಿ ಬಡಿತವನ್ನು ತಡೆದು ಹಿಡಿಯುತ್ತವೆ, ಅಂಥವರು ವಾಚ್‌ನಲ್ಲಿ ತೋರಿಸುವ ನಂಬರ್ ನೋಡಿ ತೀರ್ಮಾನ ಮಾಡಬಾರದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು. ಎದೆ ಹಿಡಿದಂತಾದರೆ ಆ ಕ್ಷಣ ನಿಲ್ಲಿಸಬೇಕು. ಮಾರನೇ ದಿನ, ಅದರ ಮಾರನೇ ದಿನ ತೊಡೆ ನೋಯುತ್ತೆ, ಅದು ಸಹಜ, ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಹೆದರಿ ನಿಲ್ಲಿಸಿಬಿಡುತ್ತಾರೆ. ಕೀಲು ಊದಿಕೊಂಡರೆ ಮಾತ್ರ ಸಹಜ ಅಲ್ಲ.

ಮಕ್ಕಳಿಗೆ ಒಂದು ಮಾತು. ವೈಟ್‌ಫೀಲ್ಡ್‌ನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಅಪ್ಪ ಅಮ್ಮನಿಗೆ ಒಂದು ವರ್ಷದ ಮೆಂಬರ್‌ಶಿಪ್ ಆನ್‌ಲೈನಲ್ಲಿ ಕಟ್ಟಿ, ಸ್ಮಾರ್ಟ್ ವಾಚ್ ಕಳಿಸಿದರೆ ಅವರು ಹೋಗಲ್ಲ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಜನ. ಅಮ್ಮನಿಗೆ ಸೇರಿಸುವಾಗ ಪಕ್ಕದ ಮನೆ ಆಂಟಿಯನ್ನೂ ಸೇರಿಸಿ, ಇಬ್ಬರೂ ಒಟ್ಟಿಗೆ ಹೊರಡುವಂತೆ ಮಾಡಿ. ಊರಲ್ಲಿದ್ದರೆ ಮೊದಲ ವಾರ ರಜೆ ಹಾಕಿ ನೀವೂ ಹೋಗಿ, ಪಕ್ಕದ ಕುರ್ಚಿಯಲ್ಲಿ ಕೂತು ನೀವೂ ಎದ್ದು ಕೂತು ಮಾಡಿ. ಸಂಜೆ ಫೋನಲ್ಲಿ "ಜಿಮ್‌ಗೆ ಹೋದ್ರಾ?" ಅಂತ ಕೇಳೋದಕ್ಕಿಂತ "ಇವತ್ತು ಯಾರ್ಯಾರು ಬಂದಿದ್ರು?" ಅಂತ ಕೇಳಿ, ಹತ್ತು ನಿಮಿಷ ಮಾತಾಡುತ್ತಾರೆ. ಮತ್ತೆ, ಮೊಮ್ಮಗು ನೋಡಿಕೊಳ್ಳಲು ಆರು ತಿಂಗಳು ಅಮೆರಿಕಕ್ಕೆ ಕರೆಸಿಕೊಳ್ಳುವವರು, ಅಲ್ಲಿ ಅವರಿಗೆ ಒಂದು ಗಟ್ಟಿ ಕುರ್ಚಿ, ಒಂದು ಎಲಾಸ್ಟಿಕ್ ಬ್ಯಾಂಡ್, ವಾರಕ್ಕೆ ಎರಡು ಗಂಟೆ ಬಿಡುವು ಕೊಡಿ. ಹೋಗುವಾಗ ಲೆಗ್ ಪ್ರೆಸ್‌ನಲ್ಲಿ ನಾಲ್ಕು ಪ್ಲೇಟ್ ಒತ್ತುತ್ತಿದ್ದವರು ವಾಪಸ್ ಬಂದಾಗ ಎರಡಕ್ಕೆ ಇಳಿದಿರುತ್ತಾರೆ. ನೋಡಿದರೆ ಸಂಕಟ ಆಗುತ್ತೆ.

ವ್ಯಾಯಾಮ ನಮ್ಮ ಊರಿಗೆ ಹೊಸದೇನಲ್ಲ. ಪೇಟೆಯ ಗರಡಿ ಮನೆಗಳಲ್ಲಿ ಕರಗದ ವೀರಕುಮಾರರು ಇವತ್ತಿಗೂ ಸಾಮು ಮಾಡುತ್ತಾರೆ. ಗರಡಿಗೆ ಯಾರೂ ಒಬ್ಬರೇ ಹೋಗುತ್ತಿರಲಿಲ್ಲ, ಅಲ್ಲಿ ಗುರು ಇದ್ದರು, ಜೊತೆಯವರು ಇದ್ದರು, ಬರದಿದ್ದರೆ ಕೇಳುವವರು ಇದ್ದರು. ಅದನ್ನೇ ಎಪ್ಪತ್ತರವರಿಗೂ ಕೊಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ನಮ್ಮ ಬ್ಯಾಚ್ ಈಗ ತುಂಬಿದೆ. ಇಬ್ಬರು ಟ್ರೈನರ್‌ಗಳಿಗೆ ಹನ್ನೆರಡು ಜನಕ್ಕಿಂತ ಜಾಸ್ತಿ ಆದರೆ ಪ್ರತಿಯೊಬ್ಬರನ್ನೂ ಗಮನಿಸೋದು ಕಷ್ಟ, ಕಾಯುತ್ತಿರುವವರ ಪಟ್ಟಿ ಎಚ್‌ಎಂಟಿ ಸರ್ ಹತ್ತಿರ ಬೆಳೆಯುತ್ತಾ ಇದೆ. ಕತ್ರಿಗುಪ್ಪೆ, ತ್ಯಾಗರಾಜನಗರ, ಪದ್ಮನಾಭನಗರ ಕಡೆ ನೆಲಮಹಡಿಯಲ್ಲಿ ಜಿಮ್ ಇಟ್ಟಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡರ ತನಕ ಜಾಗ ಕೊಡಿ. ಮೊದಲ ತಿಂಗಳು ನಮ್ಮ ಮೇಡಂ ಮತ್ತು ಸರ್ ಬಂದು ಹೊಸಬರ ಜೊತೆ ಕೂರಲು ತಯಾರಿದ್ದಾರೆ. ಹಿಡಿ ಇಲ್ಲದ ಹನ್ನೆರಡು ಗಟ್ಟಿ ಕುರ್ಚಿ ಬೇಕು, ಕಾಫಿ ನಾವೇ ತರುತ್ತೇವೆ.